ಹಳೆಮಗ ಮೂಗಯ್ಯನ ಎಡೆ

ಕಮಲಳ ತಾತ ಗೌಡರ ವಂಶವೃಕ್ಷದಲ್ಲಿ ನೇತಾಡುತ್ತಿದ್ದ.

ಸುಳ್ಳು ಹೇಳುತ್ತಿಲ್ಲ. ಸರಸ್ವತಿಪುರಂನಲ್ಲಿ ರವಿಚಂದ್ರ ಅನ್ನುವವರ ಮನೆ. ಕಮಲ ಹನ್ನೊಂದು ವರ್ಷದಿಂದ ಆ ಮನೆಯ ಮುಸುರೆ ತಿಕ್ಕಿ, ಬಟ್ಟೆ ಒಗೆದು, ನೆಲ ಒರೆಸುವವಳು. ಆ ಮಂಗಳವಾರ ಹೋದಾಗ ಹಜಾರದ ಗೋಡೆಗೆ ಹೊಸದೊಂದು ಫ್ಲೆಕ್ಸು ಬಂದಿತ್ತು. ಆಳುದ್ದದ ಹಸಿರು ಮರ. ಕೊಂಬೆಕೊಂಬೆಗೂ ಚೌಕ, ಚೌಕದೊಳಗೆ ಹೆಸರು. ಮೇಲೆ ಕೆಂಪು ಅಕ್ಷರದಲ್ಲಿ 'ಸೀಗೆಹುಂಡಿ ದೊಡ್ಡಗೌಡರ ವಂಶವೃಕ್ಷ'. ಮಾರನೆಯ ದಿನ ಮಾರ್ನಮಿ ಅಮಾವಾಸ್ಯೆ. ಸತ್ತ ಹಿರಿಯರಿಗೆ ಎಡೆ ಇಡಲು ನೆಂಟರೆಲ್ಲ ಬರುವವರಿದ್ದರು.

ಕಮಲ ಮಂಡಿಯೂರಿ ನೆಲ ಒರೆಸುತ್ತಿದ್ದಳು. ಏಳನೇ ಕ್ಲಾಸು ಓದಿದವಳು. ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುವ ಚಾಳಿ. ಸೀಗೆಹುಂಡಿ ಅಂತ ಓದಿದ್ದೇ ಕೈ ನಿಂತಿತು. ಅದು ಅವಳ ಅವ್ವ ವಸಂತಮ್ಮ ಹುಟ್ಟಿದ ಊರು. ಇಲವಾಲದಿಂದ ಆಚೆ, ಒಳಕ್ಕೆ. ಇವಳು ಕಂಡವಳಲ್ಲ. ರವಿಚಂದ್ರರದ್ದು ಇಲವಾಲದ ಕಡೆ ಅಂತ ಗೊತ್ತಿತ್ತೇ ಹೊರತು ಯಾವ ಊರು ಅಂತ ಯಾರೂ ಹೇಳಿರಲಿಲ್ಲ. ಕಣ್ಣು ಕೊಂಬೆ ಹಿಡಿದು ಇಳಿಯಿತು. ದೊಡ್ಡಗೌಡರ ಕೆಳಗೆ ಮೂರು ಚೌಕ. ಎರಡರಲ್ಲಿ ಗೌಡರ ಮಕ್ಕಳು. ಮೂರನೆಯದರಲ್ಲಿ 'ಮೂಗಯ್ಯ, ಹಳೇ ಮಗ'.

ಮೂಗಯ್ಯ ಅವಳ ಅವ್ವನ ಅಪ್ಪ.

ರವಿಚಂದ್ರರ ಮಗಳು ಸಿಂಚನ ಲ್ಯಾಪ್‌ಟಾಪು ಎದೆಗವುಚಿಕೊಂಡು ಬಂದಳು. ಮರ ಮಾಡಿದವಳು ಅವಳೇ.

"ಹೆಂಗಿದೆ ಕಮಲಾಂಟಿ? ಹೆಳವರ ಹತ್ರ ಇದ್ದ ಹಳೇ ಬುಕ್ಕೆಲ್ಲ ಫೋಟೊ ತಗೊಂಡು ಹೆಸರೆಲ್ಲ ಹುಡುಕಿ ಟೈಪ್ ಮಾಡ್ದೆ. ಆ ಅಕ್ಷರ ಓದೋಷ್ಟರಲ್ಲಿ ಕಣ್ಣೇ ಹೋಯ್ತು."

"ಈ ಮೂಗಯ್ಯ ಯಾರು ಪುಟ್ಟಿ?"

"ಹಳೇ ಮಗ ಅಂತ ಬರ್ದಿತ್ತು. ಹಳೇ ಅಂದ್ರೆ ಮೊದಲನೇ ಮಗ ಇರ್ಬೇಕು. ನಮ್ಮ ತಾತಂಗೆ ಇನ್ನೊಬ್ಬ ಅಣ್ಣ ಇದ್ರು ಅಂತ ಅಪ್ಪ ಹೇಳೇ ಇಲ್ಲ ನೋಡಿ."

ಮಗು ತಪ್ಪೇನೂ ಮಾಡಲಿಲ್ಲ. ಮಗ ಅಂತ ಬರೆದಿದ್ದನ್ನು ಮಗ ಅಂತಲೇ ಓದಿತು. ಹಳೆಮಗ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಂದು ಗೌಡನ ಮನೆಗೆ ಹೊಲಗೇರಿಯ ಒಂದು ಸಂಸಾರ ಅಂತ ಗಂಟು ಹಾಕಿದ್ದರು. ಅಪ್ಪ ಸತ್ತರೆ ಮಗ, ಮಗ ಸತ್ತರೆ ಮೊಮ್ಮಗ. ದನ ಸತ್ತರೆ ಎಳೆಯಬೇಕು. ಮನುಷ್ಯ ಸತ್ತರೆ ಊರೂರಿಗೆ ನಡೆದು ಸುದ್ದಿ ಮುಟ್ಟಿಸಬೇಕು, ಗುಣಿ ತೋಡಬೇಕು. ಸೀಗೆಹುಂಡಿಯ ಗೌಡರ ಮನೆಯಲ್ಲಿ ಇನ್ನೂ ಒಂದು ಕಟ್ಟಳೆ ಇತ್ತು. ಗೌಡ ಸತ್ತರೆ ಗೌಡನ ಮಕ್ಕಳ ಜತೆ ಹಳೆಮಗನೂ ಮೀಸೆ ಬೋಳಿಸಬೇಕು, ಮಗನ ಹಾಗೆ. ಬೋಳಿಸುವ ಹೊತ್ತಿಗೆ ಮಗ. ಉಣ್ಣುವ ಹೊತ್ತಿಗೆ ಹಟ್ಟಿಯ ಹೊರಗೆ, ಮುತ್ತುಗದೆಲೆಯಲ್ಲಿ. ಜಗಲಿ ಹತ್ತಿದರೆ ಕಾಲು ಮುರಿಯುತ್ತಿದ್ದರು.

ಮೂಗಯ್ಯನ ಕಥೆ ಕಮಲಳ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಗೌಡರ ಕಣದಲ್ಲಿ ರಾಗಿ ಕದ್ದು ಸಿಕ್ಕಿಬಿದ್ದ, ಮಾನ ಹೋಯಿತು ಅಂತ ಬಾವಿಗೆ ಹಾರಿದ. ಅವನ ಹೆಂಡತಿ ಕಳ್ಳನ ಹೆಂಡತಿ ಅನ್ನಿಸಿಕೊಂಡು ಎರಡು ವರ್ಷ ಬದುಕಿ ಸತ್ತಳು. ಉಳಿದ ಕೂಸು ವಸಂತಮ್ಮ. ಅವಳನ್ನು ಮೂಗಯ್ಯನ ತಮ್ಮ ಸಣ್ಣಮಾದಯ್ಯ ಮೈಸೂರಿಗೆ ತಂದು ಅಶೋಕಪುರಂನಲ್ಲಿ ಸಾಕಿದ. ಸಾಕಿದ, ನಿಜ. ಮನೆಯಲ್ಲಿ ಒಂದು ಚಮಚ ಕಾಣದಿದ್ದರೂ ಮೊದಲು ಜಾಲಾಡುತ್ತಿದ್ದದ್ದು ವಸಂತಮ್ಮನ ಲಂಗ. ಕಳ್ಳನ ಮಗಳಲ್ಲವೇ! ಆ ಹೆಂಗಸು ಇವತ್ತಿಗೂ ಅಂಗಡಿಯಿಂದ ಹೊರಡುವಾಗ ಸೆರಗು ಬಿಚ್ಚಿ ಕೊಡವಿ ತೋರಿಸಿ ಬರುತ್ತಾಳೆ. ಯಾರೂ ಕೇಳಿರುವುದಿಲ್ಲ. ಅವ್ವನನ್ನು ನೋಡಿ ಕಮಲಳಿಗೂ ಅದೇ ರೂಢಿ. ರವಿಚಂದ್ರರ ಬಾಗಿಲಲ್ಲಿ ಹನ್ನೊಂದು ವರ್ಷ ದಿನಾ ಸೆರಗು ಕೊಡವಿದ್ದಾಳೆ.

ಅಷ್ಟರಲ್ಲಿ ರವಿಚಂದ್ರ ವರಾಂಡದಿಂದ ಒಳಗೆ ಬಂದರು. ಮರ ನೋಡಿದರು. ಮೂರನೆಯ ಚೌಕದ ಮೇಲೆ ಬೆರಳಿಟ್ಟರು.

"ಅಯ್ಯೋ, ಏನು ಮಾಡಿದ್ದೀಯಾ ಪುಟ್ಟಿ? ಅದು ಮಗ ಅಲ್ಲ, ಹಳೆಮಗ. ಅವರು ಬೇರೆ. ನಾಳೆ ದೊಡ್ಡಪ್ಪನ ಮನೆಯವರು ನೋಡಿದ್ರೆ ಉಗೀತಾರೆ. ಬಿಳೀ ಪೇಪರ್ ಅಂಟಿಸು ಮೊದಲು."

"ಬೇರೆ ಅಂದ್ರೆ? ಮಗ ಅಂದ್ರೆ ಮಗ ತಾನೇ ಅಪ್ಪ?"

"ಅಂಟಿಸು ಅಂದೆ."

ಕಮಲ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟು ಎದ್ದಳು. ವರಾಂಡದಲ್ಲಿ ಹೆಳವರ ಮಹದೇವು ಕೂತಿದ್ದ. ಗೌಡರ ಮನೆಮನೆಗೂ ಹೋಗಿ ತಲೆಮಾರು ಹೇಳಿ, ಕಾಳುಬಟ್ಟೆ ಪಡೆಯುವ ಜಾತಿ ಅವನದು. ಅವನಪ್ಪ ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬರುತ್ತಿದ್ದ, ಇವನು ಮೊಪೆಡ್ಡಿನಲ್ಲಿ ಬರುತ್ತಾನೆ. ಬಟ್ಟೆ ಸುತ್ತಿದ ಹಳೇ ಪುಸ್ತಕಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಫಿ ಕುಡಿಯುತ್ತಿದ್ದ.

"ಸ್ವಾಮಿ, ಹಳೆಮಗ ಮೂಗಯ್ಯ ಅಂತ ಬರ್ದೀರಲ್ಲ, ಅವನ ವಿಷ್ಯ ಏನಿದೆ ಓದಿ."

ಮಹದೇವು ಅವಳನ್ನು ನೋಡಿದ. ಸೊಂಟಕ್ಕೆ ಸಿಕ್ಕಿಸಿದ ಸೀರೆ, ನೀರು ತೊಟ್ಟಿಕ್ಕುವ ಕೈ. ಇವಳಿಗೇಕೆ ಅಂತ ಅನ್ನಿಸಿರಬೇಕು. ರವಿಚಂದ್ರ ಹಿಂದೆಯೇ ಬಂದರು.

"ಅದೆಲ್ಲ ಈಗ್ಯಾಕೆ ಕಮಲ? ಒಳಗೆ ಕೆಲಸ ನೋಡಮ್ಮ."

"ಕೇಳಿದೋರಿಗೆ ಯೋಳ್ದೆ ಇದ್ರೆ ಈ ಬುಕ್ಕ ಯಾಕೆ ಹೊತ್ಕಂಡು ತಿರ್ಗ್‌ಬೇಕು ಗೌಡ್ರೆ," ಅಂದ ಮಹದೇವು. ಹೆಳವನಿಗೆ ತನ್ನ ಪುಸ್ತಕದ ವಿಷಯದಲ್ಲಿ ಜಂಬ. ಗಂಟು ಬಿಚ್ಚಿದ. ಹಾಳೆ ತಿರುವಿದ.

"ಇದು ನಮ್ಮಪ್ಪನ ಅಕ್ಷರ. ಕ್ರೋಧಿ ಸಂವತ್ಸರ. ಈಗ ನಡೀತಿರದೂ ಕ್ರೋಧಿನೇ. ಅರವತ್ತು ವರ್ಷಕ್ಕೆ ಸುತ್ತು ಬಂತು ನೋಡಿ." ಕನ್ನಡಕ ಏರಿಸಿ ಓದಿದ. "ಪುಷ್ಯ ಮಾಸದಲ್ಲಿ ದೊಡ್ಡಗೌಡರು ದೈವಾಧೀನ. ಹಳೆಮಗ ಮೂಗ ಮೀಸೆ ಕೊಡಲಿಲ್ಲ. ಗುಣಿ ತೋಡಲಿಲ್ಲ. ನಾನು ಮಗನಾದರೆ ನನಗೂ ಪಾಲು ಕೊಡಿ, ಮಗನಲ್ಲವಾದರೆ ನನ್ನ ಮೀಸೆ ಯಾಕೆ ಎಂದು ಹೆಣದ ಮುಂದೆ ಕೇಳಿದ. ಗೌಡರ ಮಕ್ಕಳು ಹೊಡೆದು ಬಾವಿಗೆ ಹಾಕಿದರು."

ಮಹದೇವು ನಿಲ್ಲಿಸಿದ. ಬಾಯಿಪಾಠ ಒಪ್ಪಿಸುವವನ ಹುರುಪಿನಲ್ಲಿ ಎಲ್ಲಿಗೆ ಬಂದೆ ಅಂತ ಆಗ ತಿಳಿಯಿತು.

"ಹಾಡೋವಾಗ ಇದನ್ನ ಬುಟ್ಟು ಹಾಡ್ತೀವಿ ಗೌಡ್ರೆ," ಅಂದ ಮೆಲ್ಲಗೆ. "ನಮ್ಮಪ್ಪ ಆವತ್ತು ಅಲ್ಲೇ ಇದ್ದನಂತೆ. ಕಂಡಿದ್ದ ಬರ್ದವ್ನೆ."

"ಮುಂದಕ್ಕೆ ಓದಿ," ಅಂದಳು ಕಮಲ.

"ತಮ್ಮ ಸಣ್ಣಮಾದ ಮೀಸೆ ಕೊಟ್ಟ, ಗುಣಿ ತೋಡಿದ. ಅಣ್ಣ ರಾಗಿ ಕದ್ದು ತಾನೇ ಹಾರಿದ ಎಂದು ಅಮಲ್ದಾರರ ಮುಂದೆ ಸಾಕ್ಷಿ ಹೇಳಿದ. ಹಳೆಮಗತನ ಅವನಿಗೆ."

ಸಣ್ಣಮಾದ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಸರಾ ಆನೆ ತೋರಿಸಿದವನು. ಕಮಲ ಹತ್ತಿರ ಬಂದು ಪುಸ್ತಕಕ್ಕೆ ಬಗ್ಗಿದಳು.

"ಆಮೇಲೆ?"

"ಆಮೇಲಿಂದು ನಾನು ಬರ್ದದ್ದು. ವಿಜಯ ಸಂವತ್ಸರ. ಮನೆ ಸರಸ್ವತಿಪುರಕ್ಕೆ ಬಂತು. ಹಳೆಮಗ ಸಣ್ಣಮಾದ ಮುದುಕನಾದ. ಅಣ್ಣನ ಮೊಮ್ಮಗಳು ಕಮಲ ಎಂಬವಳನ್ನು ಈ ಮನೆಯ ಮುಸುರೆಗೆ ಬಿಟ್ಟ. ಹಳೆಮಗತನ ನಡೆದಿದೆ."

"ಇದ ಯಾರು ಬರ್ಸಿದ್ದು?"

"ಸಣ್ಣಮಾದನೇ. ಇಲ್ಲೇ, ಮೆಟ್ಲು ಕೆಳಗೆ ನಿಂತ್ಕಂಡು. ಯಾಕವ್ವ?"

"ಆ ಕಮಲ ನಾನೇ."

ಸಿಂಚನ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಿಳೀ ಪೇಪರು, ಗೋಂದು. ರವಿಚಂದ್ರ ನೆಲ ನೋಡುತ್ತಾ ಹೇಳಿದರು.

"ನಾನಾಗ ಹುಟ್ಟೇ ಇರ್ಲಿಲ್ಲ ಕಣಮ್ಮ. ನಿಮ್ಮ ತಾತನೇ ನಿನ್ನ ಕರ್ಕೊಂಡು ಬಂದು ಬಿಟ್ಟಿದ್ದು, ನಾವೇನು ಕೇಳಿರ್ಲಿಲ್ಲ. ಮನೆಯವಳ ಥರಾನೇ ನೋಡ್ಕೊಂಡಿದೀವಿ ಅಲ್ವಾ ನಿನ್ನ?"

ಮನೆಯವಳು! ಮನೆಯವಳ ಹಸಿರು ಪ್ಲಾಸ್ಟಿಕ್ ಲೋಟ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕವುಚಿಕೊಂಡಿತ್ತು. ಹನ್ನೊಂದು ವರ್ಷದಲ್ಲಿ ಅದು ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ರವಿಚಂದ್ರ ಈ ಮನೆಯವಳಿಗೇ ನಾಳಿನ ಕೆಲಸ ನೆನಪಿಸಿದರು. ನಲವತ್ತು ಜನ ಊಟಕ್ಕೆ, ಬೇಗ ಬಂದುಬಿಡು ಅಂದರು. ಆ ಮಾತು ಆಗಲೂ ಬಂತಲ್ಲ ಬಾಯಲ್ಲಿ!

"ಬರಲ್ಲ ಸಾ. ನಾಳಿಕೂ ಬರಲ್ಲ, ನಾಡಿದ್ದೂ ಬರಲ್ಲ. ಬಚ್ಚಲಲ್ಲಿ ಬಟ್ಟೆ ನೆನೆ ಹಾಕಿವ್ನಿ, ನೀವೇ ಹಿಂಡ್ಕಳಿ." ಸಿಂಚನಳ ಕಡೆ ತಿರುಗಿದಳು. "ಪೇಪರ್ ಅಂಟಿಸಬ್ಯಾಡ ಪುಟ್ಟಿ. ನೀನು ಬರ್ದಿರದು ಸರಿಯಾಗದೆ. ಪಾಲು ಕೇಳ್ದೋನು ಅಂವ."

ಗೇಟಿನ ಹತ್ತಿರ ಕೈ ತಾನಾಗೇ ಸೆರಗಿಗೆ ಹೋಯಿತು. ತಡೆದಳು. ಸೆರಗು ಕೊಡವದೆ ಬೀದಿಗೆ ಬಿದ್ದಳು.

ಸಿಟಿ ಬಸ್ಸು ಎರಡು ಹೋದವು. ಹತ್ತಲಿಲ್ಲ. ಅಶೋಕಪುರಂವರೆಗೂ ನಡೆದೇ ಹೋದಳು. ದಸರಾಕ್ಕೆ ರಸ್ತೆಗೆಲ್ಲ ದೀಪ ಕಟ್ಟುತ್ತಿದ್ದರು. ಗೌಡನ ಮಕ್ಕಳು ಕೊಂದರು ಅನ್ನುವುದಕ್ಕೆ ಅವಳಿಗೆ ಸಿಟ್ಟು ಬಂತು, ಆಶ್ಚರ್ಯ ಆಗಲಿಲ್ಲ. ಅವರಿಂದ ಬೇರೆ ಏನು ನಿರೀಕ್ಷೆ ಇತ್ತು? ಹೊಟ್ಟೆಗೆ ಬೆಂಕಿ ಬಿದ್ದದ್ದು ಸಣ್ಣಮಾದಯ್ಯನಿಂದ. ಸಣ್ಣಮಾದಯ್ಯ ಅಂದರೆ ಅಶೋಕಪುರಂನಲ್ಲಿ ಯಾರಾದರೂ ಎದ್ದು ನಿಲ್ಲುತ್ತಾರೆ. ಎಂಬತ್ತು ವರ್ಷ, ನೆಟ್ಟಗಿನ ಬೆನ್ನು, ಕಿವಿಯವರೆಗೆ ತಿರುವಿದ ಬಿಳೀ ಮೀಸೆ. ಕಚೇರಿಯಲ್ಲಿ ಜವಾನನಾಗಿದ್ದವನು, ಸಭೆಯಲ್ಲಿ ಹುಲಿ. 'ಯಾವನ ಮುಂದೂ ಮೀಸೆ ಇಳಿಸಬ್ಯಾಡಿ' ಅಂತ ಅವನು ಮೈಕಿನಲ್ಲಿ ಗುಡುಗಿದರೆ ಹುಡುಗರು ಶಿಳ್ಳೆ ಹಾಕುತ್ತಿದ್ದರು. ಊರು ಯಾಕೆ ಬಿಟ್ಟೆ ತಾತ ಅಂದರೆ, 'ತಲೆ ಬಗ್ಸಕ್ಕಾಗ್ದೆ ಬುಟ್ಟೆ ಕಣವ್ವ' ಅನ್ನುತ್ತಿದ್ದ. ಬರುವ ಭಾನುವಾರ ಅವನಿಗೆ ಸನ್ಮಾನ, ಬೀದಿಯ ತುಂಬ ಅವನ ಮೀಸೆಯ ಬ್ಯಾನರು. ಆ ಬ್ಯಾನರಿನ ಕೆಳಗೆ ಕಮಲ ನಿಂತಳು. ಹನ್ನೊಂದು ವರ್ಷದ ಹಿಂದೆ ಇದೇ ಬಾಯಿ ಅವಳಿಗೆ ಹೇಳಿತ್ತು, 'ಸರಸ್ವತಿಪುರದಲ್ಲಿ ಒಂದು ಮನೆ ಅದೆ, ಒಳ್ಳೇ ಜನ, ನಂಗೆ ಗೊತ್ತಿರೋರು.' ಥೂ ಅಂತ ಉಗಿದಳು. ಉಗುಳು ಬ್ಯಾನರಿಗೆ ಮುಟ್ಟಲಿಲ್ಲ.

ಮನೆಯಲ್ಲಿ ವಸಂತಮ್ಮ ನಾಳಿನ ಎಡೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಮಲ ಎಲ್ಲ ಹೇಳಿದಳು. ವಸಂತಮ್ಮ ಕೂಗಾಡಲಿಲ್ಲ. ಬೆಳ್ಳುಳ್ಳಿ ಹಾಗೇ ಕೈಯಲ್ಲಿತ್ತು. ಅದನ್ನು ಕೆಳಗಿಟ್ಟು ಕೇಳಿದಳು.

"ರಾಗಿ ಕದ್ದಿರ್ಲಿಲ್ವಾ ನಮ್ಮಪ್ಪ?"

"ಇಲ್ಲ ಕಣವ್ವ."

"ಒಂದು ಮಡ್ಲೂ?"

"ಒಂದು ಕಾಳೂ ಇಲ್ಲ."

ವಸಂತಮ್ಮ ತನ್ನ ಸೆರಗನ್ನು ನೋಡಿಕೊಂಡಳು. ಅರವತ್ತೊಂದು ವರ್ಷದ ಹೆಂಗಸು, ಎಳೇ ಮಗುವಿನ ಹಾಗೆ ಅತ್ತಳು.

ಮಾರ್ನಮಿಯ ಎಡೆ ಪ್ರತಿವರ್ಷ ಸಣ್ಣಮಾದಯ್ಯನ ಮನೆಯಲ್ಲೇ. ಹಿರಿಯ ಅವನು. ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಕರ್ಪೂರ ಹಚ್ಚಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುವುದು. ಸತ್ತವರು ಬಂದು ಉಂಡು ಹೋಗುತ್ತಾರೆ. ಸಣ್ಣಮಾದಯ್ಯನ ಅಪ್ಪನಿಗೊಂದು ಎಲೆ, ಅವ್ವನಿಗೊಂದು, ಹೆಂಡತಿಗೊಂದು. ಮೂರೇ. ಸಣ್ಣವಳಾಗಿದ್ದಾಗ ವಸಂತಮ್ಮ ಒಂದು ಸಲ ನಮ್ಮಪ್ಪಂಗೆ ಅಂತ ಕೇಳಿ ಕೆನ್ನೆಗೆ ಏಟು ತಿಂದಿದ್ದಳು. ಕಳ್ಳಂಗೆ ಎಡೆ ಇಲ್ಲ ಅಂದಿದ್ದ ಸಣ್ಣಮಾದಯ್ಯ. ಆಮೇಲೆ ಅವಳು ಕೇಳಲಿಲ್ಲ.

ಬುಧವಾರ ಮಧ್ಯಾಹ್ನ ಕಮಲ ನಾಲ್ಕನೆಯ ಎಲೆ ಹಾಕಿದಳು.

"ಯಾರ್‌ಗೆ ಅದು?" ಅಂದ ಸಣ್ಣಮಾದಯ್ಯ. ಇಸ್ತ್ರಿ ಮಾಡಿದ ಬಿಳೀ ಪಂಚೆ, ಎಣ್ಣೆ ಹಚ್ಚಿ ತಿರುವಿದ ಮೀಸೆ.

"ಮೂಗಯ್ಯಂಗೆ. ಮೀಸೆ ಕೊಡದೆ ಸತ್ತೋನಿಗೆ."

ಮುದುಕ ಕೈಯಲ್ಲಿದ್ದ ಕರ್ಪೂರದ ತಟ್ಟೆಯನ್ನು ಕೆಳಗಿಟ್ಟ. ನೆಂಟರು ಬಾಗಿಲಲ್ಲಿ ಗುಂಪುಗೂಡಿದರು. ಕಮಲ ಹೆಳವನ ಪುಸ್ತಕದ ಮಾತನ್ನು ಒಂದೂ ಬಿಡದೆ ಹೇಳಿದಳು. ಕ್ರೋಧಿ ಸಂವತ್ಸರ, ಪುಷ್ಯ ಮಾಸ, ಮೀಸೆ, ಗುಣಿ, ಬಾವಿ, ಸಾಕ್ಷಿ. ಮುಸುರೆಯನ್ನೂ ಹೇಳಿದಳು.

"ಸುಳ್ಳು ಅನ್ನು ತಾತ. ನೀನು ಸುಳ್ಳು ಅಂದ್ರೆ ಈಗ್ಲೂ ನಂಬ್ತೀನಿ."

ಅವನು ಸುಳ್ಳು ಅನ್ನಲಿಲ್ಲ.

"ಎದೆ ಮೇಲೆ ನಿಂತ್ಕಂಡು ಹೊಡುದ್ರು ಕಣವ್ವ. ನಂಗೆ ಇಪ್ಪತ್ತು ವರ್ಷ. ನಿನ್ನವ್ವ ಕೈಕೂಸು. ನಾನೂ ಅಂಗೇ ಅಂದಿದ್ರೆ ಎರಡು ಹೆಣ ಬೀಳದು. ಯಾರು ಸಾಕರು ಇವಳ್ನ?"

"ಹೆದ್ರಿದ್ದು ತಪ್ಪಲ್ಲ. ಯಾರಾದ್ರೂ ಹೆದ್ರತಾರೆ. ಮೈಸೂರ್‌ಗೆ ಬಂದ್ಮೇಲೆ ಯಾವ ಗೌಡ ಇದ್ದ ನಿನ್ನ ಎದೆ ಮೇಲೆ? ಅರವತ್ತು ವರ್ಷ ಕಳ್ಳ ಅಂದೆ. ಕೂಸಿನ ಕಿವೀಲಿ ಕಳ್ಳ ಅಂದೆ. ನಮ್ಮವ್ವನ ಲಂಗ ಬಿಚ್ಚಿ ಕೊಡವ್ದೆ. ರಾಗಿ ಕದ್ದಿಲ್ಲ ಅಂತ ನಿಂಗೊಬ್ಬಂಗೇ ಗೊತ್ತಿತ್ತು!"

"ಒಂದ್ಸಲ ಬಾಯಲ್ಲಿ ಬಂದ ಮಾತು ಎಂಗೆ ವಾಪಸ್ ತಗಳದು?"

"ನನ್ನ ಯಾಕೆ ಬುಟ್ಟೆ ಆ ಮನೆಗೆ?"

ಸಣ್ಣಮಾದಯ್ಯ ಎಲೆಗಳ ಕಡೆ ತಿರುಗಿ ಹೇಳಿದ. "ಕಚೇರಿ ಕೆಲ್ಸಕ್ಕೆ ಗೌಡ್ರ ಮಕ್ಳೇ ಶಿಫಾರಸು ಕಾಗ್ದ ಕೊಟ್ಟಿದ್ದು. ಮನೆ ಚಾಕ್ರಿ ಬುಡಲ್ಲ ಅಂತ ಮಾತು ಕೊಟ್ಟಿದ್ದೆ. ವರ್ಷವರ್ಷ ಹೋಗಿ ಬಂದೆ, ಯಾರ್‌ಗೂ ತಿಳೀದಂಗೆ. ಕೊನೆಗೆ ಕಾಲು ಬರ್ಲಿಲ್ಲ..."

ಕಾಲು ಬರಲಿಲ್ಲ, ಅದಕ್ಕೆ ಮೊಮ್ಮಗಳನ್ನು ಕಳಿಸಿದ. ಸಭೆಯಲ್ಲಿ ಹುಲಿ! ಕಮಲಳಿಗೆ ಹೊಡೆಯಬೇಕು ಅನ್ನಿಸಿತು. ತನ್ನ ಕೈ ನೋಡಿಕೊಂಡಳು, ಸೋಪಿನ ನೀರಿಗೆ ಬೆರಳ ಸಂದು ಬಿರಿದ ಕೈ. ಈ ಕೈಯಲ್ಲಿ ಅವಳು ತಿಕ್ಕಿದ್ದು ತಾತನ ಕೊಂದವರ ಎಂಜಲು. ಕಳಿಸಿದವನು ತಾತನ ಬೆನ್ನಿಗೆ ಹುಟ್ಟಿದ ತಮ್ಮ.

ವಸಂತಮ್ಮ ಎದ್ದು ಹಿತ್ತಲಿಗೆ ಹೋದಳು. ಬಂದಾಗ ಒಂದು ಕೈಯಲ್ಲಿ ಚೊಂಬು ನೀರು, ಇನ್ನೊಂದರಲ್ಲಿ ಕಿಟಕಿಯ ಮೇಲೆ ಸದಾ ಇರುತ್ತಿದ್ದ ಅವನ ಕತ್ತಿ, ದಿನಾ ಮೀಸೆಯ ಅಂಚು ತೀಡುವ ಕತ್ತಿ. ಎರಡನ್ನೂ ನಾಲ್ಕನೆಯ ಎಲೆಯ ಮುಂದೆ ಇಟ್ಟಳು.

"ಕೂತ್ಕೊ ಚಿಕ್ಕಯ್ಯ."

"ವಸಂತ..."

"ನಮ್ಮಪ್ಪ ಸತ್ತಾಗ ಯಾರೂ ಮೀಸೆ ತಗೀಲಿಲ್ಲ. ಅವನ್ಗೆ ಗಂಡುಮಕ್ಕಳಿಲ್ಲ. ತಮ್ಮ ನೀನಿದ್ದೆ. ನಿನ್ನ ಮೀಸೆ ಗೌಡಂಗೆ ಕೊಟ್ಬುಟ್ಟಿದ್ದೆ. ಈಗ ಬೆಳೆದದಲ್ಲ, ಬೇಕಾದಂಗೆ. ನಿಮ್ಮಣ್ಣಂಗೆ ಕೊಡು."

ಯಾರೋ ನೆಂಟ, ಬುಡಿ ವಸಂತಕ್ಕ, ವಯಸ್ಸಾದೋರು ಅಂದ. ವಸಂತಮ್ಮ ಅವನ ಕಡೆ ತಿರುಗಲಿಲ್ಲ. ಕಮಲ ಬಾಗಿಲು ಮುಚ್ಚಲು ಹೋದಳು, ಸತ್ತವರು ಉಣ್ಣುವ ಹೊತ್ತಾಗಿತ್ತು.

"ತಗ್ದಿರ್ಲಿ," ಅಂದಳು ವಸಂತಮ್ಮ. "ಬೀದಿಗೂ ಕಾಣ್ಲಿ."

ಸಣ್ಣಮಾದಯ್ಯ ಮೀಸೆಗೆ ಕೈ ಹಾಕಿದ. ಎಂಬತ್ತು ವರ್ಷದ ಮುಖ ಸಣ್ಣದಾಯಿತು.

"ಭಾನ್ವಾರ ಸನ್ಮಾನ ಅದೆ ಕಣವ್ವ. ಜನ ನೋಡ್ತಾರೆ. ಯಾರು ಸತ್ರು ಅಂತ ಕೇಳ್ತಾರೆ."

"ಕೇಳ್ಲಿ," ಅಂದಳು ವಸಂತಮ್ಮ. ಚೊಂಬನ್ನು ಇನ್ನಷ್ಟು ಅವನ ಕಡೆ ಸರಿಸಿದಳು. "ನಮ್ಮಣ್ಣ ಸತ್ತ ಅಂತ ಯೋಳು. ಮೈಕಲ್ಲೇ ಯೋಳು."